ಬಂಡೆಯಲ್ಲಿ ಉಳಿದ ಹಿತ್ತಾಳೆ ಬೋಲ್ಟುಗಳು

ರಜೆಯಲ್ಲಿ ಊರಿಗೆ ಹೋದಾಗ ನಾವೆಲ್ಲ ಹೇಳುವ ಮಾತು ಒಂದೇ: "ಮೊದಲು ಹೀಗಿರಲಿಲ್ಲ." ಗದ್ದೆಯಲ್ಲಿ ಏಡಿಯಿಲ್ಲ, ಅಂಗಳದಲ್ಲಿ ಗುಬ್ಬಿಯಿಲ್ಲ ಎನ್ನುತ್ತೇವೆ. ಎಷ್ಟಿದ್ದದ್ದು ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ, ಏಕೆಂದರೆ ಆಗ ಯಾರೂ ಎಣಿಸಿಡಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಕರಾವಳಿಯಲ್ಲಿ ಒಬ್ಬರು ಎಣಿಸಿಟ್ಟಿದ್ದರು. ಇದು ಆ ಎಣಿಕೆಯ ಕಥೆ.

ಕಾಡಿನ ಪ್ರತಿ ಗಿಡವನ್ನೂ ಕಡಲಿನ ಪ್ರತಿ ಜೀವಿಯನ್ನೂ ಎಣಿಸಲಾಗದು. ಔಷಧ ತಯಾರಿಕೆಯಲ್ಲೂ ಹಾಗೆಯೇ. ಒಂದು ಬ್ಯಾಚಿನ ಎಲ್ಲ ಮಾತ್ರೆಗಳನ್ನೂ ಪುಡಿ ಮಾಡಿ ಪರೀಕ್ಷಿಸಿದರೆ ರೋಗಿಗೆ ಕೊಡಲು ಒಂದೂ ಉಳಿಯದು. ಕೆಲವನ್ನು ಆರಿಸಿ ನೋಡುತ್ತಾರೆ. ನೆಲದಲ್ಲಿ ಚೌಕ ಗುರುತಿಸಿ ಅದರೊಳಗಿನ ಜೀವಿಗಳನ್ನು ಮಾತ್ರ ಎಣಿಸುವುದೂ ಇದೇ ಲೆಕ್ಕ. ಆ ಚೌಕಕ್ಕೆ ಕ್ವಾಡ್ರಾಟ್ ಎಂದು ಹೆಸರು. ರಾಸ್ಕೊ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ ನೆಬ್ರಾಸ್ಕದ ಹುಲ್ಲುಗಾವಲಿನಲ್ಲಿ ಹೀಗೆ ಎಣಿಸಿ, 1898ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಕಣ್ಣಂದಾಜನ್ನು ನಂಬಬಾರದೆಂದು ಅವರ ಎಣಿಕೆ ತೋರಿಸಿತು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ದಕ್ಷಿಣದ ಪೆಸಿಫಿಕ್ ಗ್ರೋವ್‌ನಲ್ಲಿ ಹಾಪ್ಕಿನ್ಸ್ ಎಂಬ ಕಡಲ ಸಂಶೋಧನಾ ಕೇಂದ್ರವಿದೆ. ಅಲ್ಲಿ 1931ರಿಂದ 1933ರವರೆಗೆ ವಿಲ್ಲಿಸ್ ಹೆವಾಟ್ ಎಂಬ ವಿದ್ಯಾರ್ಥಿ, ಉಬ್ಬರವಿಳಿತದ ಬಂಡೆಗಳ ಮೇಲೆ ದಡದಿಂದ ಕಡಲಿನ ಕಡೆಗೆ ಒಂದು ಗೆರೆ ಹಿಡಿದು, ಅದರುದ್ದಕ್ಕೂ ಒಂದೊಂದು ಗಜದ ಚೌಕಗಳಲ್ಲಿ ಕಂಡ ಪ್ರಾಣಿಗಳನ್ನೆಲ್ಲ ಎಣಿಸಿದರು. ಗೆರೆ ತಪ್ಪದಿರಲೆಂದು ಬಂಡೆಯಲ್ಲಿ ಹಿತ್ತಾಳೆ ಬೋಲ್ಟು ಕೂರಿಸಿದರು.

ಅರುವತ್ತು ವರ್ಷ ಕಳೆಯಿತು. 1993ರಲ್ಲಿ ಸಾರಾ ಗಿಲ್ಮನ್ ಮತ್ತು ರೇಫ್ ಸ್ಯಾಗರಿನ್ ಎಂಬ ವಿದ್ಯಾರ್ಥಿಗಳು ಆ ಬೋಲ್ಟುಗಳ ಗುರುತು ಹಿಡಿದು, ಅವೇ ಚೌಕಗಳಲ್ಲಿ ಮತ್ತೆ ಎಣಿಸಿದರು. 1995ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ದಕ್ಷಿಣದ ಬೆಚ್ಚನೆಯ ನೀರಿನ 9 ಜಾತಿಗಳಲ್ಲಿ 8 ಹೆಚ್ಚಿದ್ದವು. ಉತ್ತರದ ತಣ್ಣೀರಿನ 8ರಲ್ಲಿ 5 ಕಡಿಮೆಯಾಗಿದ್ದವು. ಅಲ್ಲಿನ ದಡದ ನೀರಿನ ವಾರ್ಷಿಕ ಸರಾಸರಿ ಉಷ್ಣತೆ ಅಷ್ಟರಲ್ಲಿ 0.75 ಡಿಗ್ರಿ ಸೆಲ್ಸಿಯಸ್ ಏರಿತ್ತು. ಕಡಲು ಬಿಸಿಯಾದರೆ ಜೀವಿಗಳ ನೆಲೆ ಬದಲಾಗುತ್ತದೆ ಎಂಬ ಮಾತಿಗೆ ಆ ಚೌಕಗಳು ಸಾಕ್ಷಿಯಾದವು.

ನಮ್ಮ ಕಡೆಯೂ ಇಂಥ ಕೆಲಸ ನಡೆದಿದೆ. ಮೈಸೂರಿನಿಂದ ಊಟಿಗೆ ಹೋಗುವಾಗ ಬಂಡೀಪುರ ದಾಟಿದರೆ ಮುದುಮಲೈ ಕಾಡು. ಅಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ 50 ಹೆಕ್ಟೇರ್ ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪದ 25 ಸಾವಿರಕ್ಕೂ ಹೆಚ್ಚು ಗಿಡಮರಗಳಿಗೆ ಸಂಖ್ಯೆ ಕೊಟ್ಟರು. ಬೆಂಕಿ, ಬರ, ಆನೆ ಇವುಗಳಿಂದ ಯಾವ ಮರ ಹೋಯಿತು, ಯಾವುದು ಹೊಸದಾಗಿ ಬಂತು ಎಂಬುದಕ್ಕೆ ಲೆಕ್ಕವಿದೆ.

ಹೆವಾಟ್ ತಮಗೆ ಬೇಕಾದಷ್ಟನ್ನು ಎಣಿಸಿ ಹೋಗಿಬಿಡಬಹುದಿತ್ತು. ಗುರುತು ಬಿಟ್ಟುಹೋದದ್ದರಿಂದ ಅವರ ಕೆಲಸ ಮುಂದಿನವರಿಗೂ ಸಿಕ್ಕಿತು. ಈ ಸಲದ ರಜೆಯಲ್ಲಿ ಹಿತ್ತಲಿನ ಒಂದು ಮೀಟರ್ ಚೌಕಕ್ಕೆ ನಾಲ್ಕು ಕಲ್ಲು ನೆಟ್ಟು, ಒಳಗಿನ ಗಿಡಗಳನ್ನು ಮಕ್ಕಳ ಜೊತೆ ಎಣಿಸಿ, ದಿನಾಂಕ ಹಾಕಿ ಬರೆದಿಡಿ. ಮುಂದಿನ ರಜೆಯಲ್ಲಿ ಹೇಳುವ ಮಾತಿಗೆ ಆಧಾರವಿರುತ್ತದೆ.