ನಾಲ್ಕು ದಾರದ ಗಾಳಿಪಟ, ಕುದುರೆಯಿಲ್ಲದ ಸಾರೋಟು



ಊರಲ್ಲಿ ಆಷಾಢದ ಗಾಳಿಗೆ ಪಟ ಬಿಟ್ಟವರು ನೀವು. ಈಗ ಮುಂಬಯಿ, ಹೈದರಾಬಾದುಗಳಲ್ಲಿ ಸಂಕ್ರಾಂತಿಗೆ ತಾರಸಿ ಹತ್ತಿ ಮಕ್ಕಳಿಗೂ ಹೇಳಿಕೊಡುತ್ತೀರಿ. ಗಾಳಿ ಜೋರಾದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಪಟ ಗಿರಕಿ ಹೊಡೆಯುತ್ತದೆ, ಬಾಲಂಗೋಚಿ ಉದ್ದ ಮಾಡಿದರೂ ಜಗ್ಗುವುದಿಲ್ಲ, ಕೊನೆಗೆ ದಾರವೇ ಕಿತ್ತುಹೋಗುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ಒಂದೇ ದಾರ ಹಿಡಿದವರಿಗೆ ಎಳೆಯುವುದು, ಸಡಿಲ ಬಿಡುವುದು, ಎರಡೇ ಉಪಾಯ.

ಇಂಥ ಗಾಳಿಗೆ ಲಗಾಮು ಹಾಕಲು ಹೊರಟವರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮೇಷ್ಟ್ರು ಜಾರ್ಜ್ ಪೋಕಾಕ್ ಒಬ್ಬರು. 1826ರಲ್ಲಿ ಅವರು ಗಾಳಿಪಟ ಎಳೆಯುವ ಸಾರೋಟಿಗೆ ಪೇಟೆಂಟ್ ಪಡೆದರು. ಅವರ ಪಟಕ್ಕೆ ನಾಲ್ಕು ದಾರ. ಪಕ್ಕದ ಎರಡರಿಂದ ಪಟವನ್ನು ಎಡಕ್ಕೆ, ಬಲಕ್ಕೆ ತಿರುಗಿಸಬಹುದು. ಉಳಿದೆರಡರಿಂದ ಅದರ ಓರೆ ಬದಲಿಸಿ ಎಳೆತವನ್ನು ಹೆಚ್ಚು ಕಡಿಮೆ ಮಾಡಬಹುದು. ಒಳ್ಳೆ ಗಾಳಿಯಿದ್ದರೆ ಸಾರೋಟು ಗಂಟೆಗೆ ಸುಮಾರು 20 ಮೈಲಿ ಓಡುತ್ತಿತ್ತು. ಆಗ ರಸ್ತೆ ಸುಂಕ ಕುದುರೆಗಳ ಲೆಕ್ಕದಲ್ಲಿತ್ತು. ಇಲ್ಲಿ ಕುದುರೆಯೇ ಇಲ್ಲವಲ್ಲ, ಸುಂಕ ಕೇಳುವುದು ಹೇಗೆ?

ಮೇಷ್ಟ್ರ ಧೈರ್ಯ ಅಲ್ಲಿಗೇ ನಿಲ್ಲಲಿಲ್ಲ. ಮಗಳು ಮಾರ್ಥಾಳನ್ನು ಕುರ್ಚಿಯಲ್ಲಿ ಕೂರಿಸಿ ಪಟದಿಂದ ಮೇಲಕ್ಕೆತ್ತಿದರು. ಹುಡುಗಿ ಕ್ಷೇಮವಾಗಿ ಇಳಿದಳು. ಮುಂದೆ 1848ರಲ್ಲಿ ಅವಳಿಗೆ ಹುಟ್ಟಿದ ಮಗನೇ ಕ್ರಿಕೆಟ್‌ನ ದೊಡ್ಡ ಗಡ್ಡದ ಡಬ್ಲ್ಯು. ಜಿ. ಗ್ರೇಸ್! ಅಂದು ಒಂದು ದಾರ ಕೈಕೊಟ್ಟಿದ್ದರೆ ಕ್ರಿಕೆಟ್ ಚರಿತ್ರೆಯೇ ಬೇರೆಯಾಗುತ್ತಿತ್ತು.

ರೈಲು ಬಂದ ಮೇಲೆ ಪೋಕಾಕರ ಸಾರೋಟನ್ನು ಜನ ಮರೆತರು. ಪಟವನ್ನು ಬೇಕಾದಂತೆ ತಿರುಗಿಸುವ ಕಲೆಗೆ ಮತ್ತೆ ಕೆಲಸ ಬಿದ್ದದ್ದು ಎರಡನೇ ಮಹಾಯುದ್ಧದಲ್ಲಿ. ಅಮೆರಿಕದ ನೌಕಾಪಡೆಯಲ್ಲಿದ್ದ ಪಾಲ್ ಗಾರ್ಬರ್ ಎರಡು ದಾರದ, ಚುಕ್ಕಾಣಿ ಇದ್ದ ಪಟ ಮಾಡಿದರು. ಅದರ ಮೇಲೆ ಶತ್ರು ವಿಮಾನದ ಚಿತ್ರ. ಪಟ ವಿಮಾನದಂತೆ ಧುಮುಕುತ್ತಿತ್ತು, ಲಾಗ ಹಾಕುತ್ತಿತ್ತು. ಹಡಗಿನ ಗುಂಡುಗಾರರು ಅದಕ್ಕೆ ಗುರಿಯಿಟ್ಟು ಕಲಿಯುತ್ತಿದ್ದರು.

ಆ ಕಸರತ್ತನ್ನು ಮತ್ತೆ ಮಕ್ಕಳ ಕೈಗೆ ತಂದವರು ಇಂಗ್ಲೆಂಡಿನ ಪೀಟರ್ ಪೊವೆಲ್. 1972ರಲ್ಲಿ ಅವರು ರೂಪಿಸಿದ ಎರಡು ದಾರದ, ಉದ್ದ ಬಾಲದ ಪಟ ಮನೆಮಾತಾಯಿತು. 1976ರಲ್ಲಿ ಬ್ರಿಟನ್ನಿನ ವರ್ಷದ ಆಟಿಕೆ ಎನಿಸಿತು. ಆಮೇಲೆ ಬಂದ ಕೆಲವು ಪಟಗಳಲ್ಲಿ ಬಟ್ಟೆಯ ಒಂದಷ್ಟು ಭಾಗಕ್ಕೆ ಜಾಲರಿ ಹಾಕಿದರು. ಜೋರು ಗಾಳಿ ಅದರ ಮೂಲಕ ಹಾದುಹೋಗುತ್ತದೆ, ಕೈಗೆ ಬರುವ ಎಳೆತ ಕಡಿಮೆಯಾಗುತ್ತದೆ.

1984ರಲ್ಲಿ ಫ್ರಾನ್ಸಿನ ಲೆಗೆನ್ಯೂ ಸಹೋದರರು ಗಾಳಿ ತುಂಬಿದ ಪಟಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ನೀರಿಗೆ ಬಿದ್ದರೂ ಮತ್ತೆ ಏಳುವ ಪಟ ಅದು. ಹಲಗೆಯ ಮೇಲೆ ನಿಂತು, ಪಟದಿಂದ ಎಳೆಸಿಕೊಂಡು ಕಡಲಲ್ಲಿ ಜಾರುವ ಕೈಟ್ ಸರ್ಫಿಂಗ್‌ಗೆ ಅದೇ ದಾರಿಯಾಯಿತು. ಚೆನ್ನೈ ಕೇಳುಗರೇ, ಅದನ್ನು ನೋಡಲು ನೀವು ರಾಮೇಶ್ವರದ ತನಕ ಹೋದರೆ ಸಾಕು. ಅಲ್ಲೂ ಪಟಕ್ಕೆ ಸಾಮಾನ್ಯವಾಗಿ ನಾಲ್ಕು ದಾರ. ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಪಟದ ಓರೆ ಬದಲಾಗಿ ಎಳೆತ ತಗ್ಗುತ್ತದೆ. ಅದಕ್ಕೂ ಬಗ್ಗದಿದ್ದರೆ ಥಟ್ಟನೆ ಬಿಡಿಸಿಕೊಳ್ಳುವ ಕೊಂಡಿ ಇದೆ. ಹೊಸಬರಿಗೆ ಹಾರುವ ಮುನ್ನ ಕಲಿಸುವುದು ಈ ಕೊಂಡಿಯನ್ನೇ.

ಗಾಳಿಯನ್ನು ತೋಳ್ಬಲದಿಂದ ಗೆದ್ದವರಿಲ್ಲ. ಅದರ ಎಳೆತವನ್ನು ಬೇಕಾದಾಗ ಪಡೆದು, ಬೇಡವಾದಾಗ ಬಿಡುವುದನ್ನು ಪೋಕಾಕ್ ಮೇಷ್ಟ್ರು ಇನ್ನೂರು ವರ್ಷಗಳ ಹಿಂದೆಯೇ ಮಾಡಿ ತೋರಿಸಿದ್ದರು. ಮುಂದಿನ ಸಂಕ್ರಾಂತಿಗೆ ಮಕ್ಕಳ ಜೊತೆ ಸೂತ್ರ ಕಟ್ಟುವಾಗ ಅವರ ಕಥೆಯನ್ನೂ ಹೇಳಿ. ಗಡ್ಡದ ಗ್ರೇಸ್ ಹೆಸರು ಬಂದರೆ ಕ್ರಿಕೆಟ್ ಹುಚ್ಚಿನ ಮಕ್ಕಳು ಖಂಡಿತ ಕಿವಿಗೊಡುತ್ತಾರೆ.