ಹರದಾರಿಯಿಂದ ವಿಮಾನದಾರಿಗೆ

ಗಾವುದ, ಹರದಾರಿ ಎಂಬ ಅಳತೆಗಳು ಬಳಕೆಯಲ್ಲಿದ್ದರೂ ನಮ್ಮ ತಾಳವಾಡಿ ಸೀಮೆಯ ಹಿರಿಯರು ದಾರಿಯ ದೂರವನ್ನು ಹೊತ್ತಿನಿಂದಲೇ ಹೇಳುತ್ತಿದ್ದರು. ಕೋಳಿ ಕೂಗುವಾಗ ಗಾಡಿ ಕಟ್ಟಿದರೆ ಹೊತ್ತು ಇಳಿಯುವ ವೇಳೆಗೆ ಚಾಮರಾಜನಗರ. ವಿಮಾನಯಾನದ ಚರಿತ್ರೆಯನ್ನು ಅರಿಯಲು ಹೊರಟವರಿಗೂ ಈ ಹಳೆಯ ಲೆಕ್ಕವೇ ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ.

ಭಾರತದಲ್ಲಿ ಟಾಟಾ ವಿಮಾನ ಅಂಚೆ ಆರಂಭವಾದುದು 1932ರ ಅಕ್ಟೋಬರ್ 15ರಂದು. ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲು ಎತ್ತಿನ ಗಾಡಿಯಲ್ಲಿ ಬಂದಿತ್ತಂತೆ! ಬಳ್ಳಾರಿ ಆಗ ನಮ್ಮ ತಾಳವಾಡಿಯಂತೆಯೇ ಮದರಾಸು ಪ್ರಾಂತ್ಯಕ್ಕೆ ಸೇರಿದ ಕನ್ನಡ ನೆಲ. 1953ರಲ್ಲಿ ಅದು ಮೈಸೂರಿಗೆ ಸೇರಿತು. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವೂ ಸೇರಿತು. ನಾವು ಉಳಿದೆವು.

ಇನ್ನು ನಮ್ಮ ಕಾಲದ ಮಾತು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು ಎಲ್ಲಿಯೂ ಇಳಿಯದೆ ಜನವರಿ 11ರ ಬೆಳಗಿನ ಜಾವ ಬೆಂಗಳೂರನ್ನು ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ಪೈಲಟ್‌ಗಳೆಲ್ಲರೂ ಮಹಿಳೆಯರೇ. ದೂರ ಸುಮಾರು 14,000 ಕಿಲೋಮೀಟರು. ಹಿಡಿದ ಕಾಲ ಸುಮಾರು 17 ಗಂಟೆ. ಎರಡು ಊರುಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಯ ಅಂತರವಿದ್ದುದರಿಂದ ಪಂಚಾಂಗದಲ್ಲಿ ಒಂದು ದಿನವೇ ಜಾರಿಹೋದಂತಾಯಿತು. ಗೋಡೆಯ ಭೂಪಟ ನೋಡಿದವರು ಈ ದಾರಿ ಸಾಗರದ ಮೇಲೆ ನೇರವಾಗಿ ಸಾಗಬೇಕೆಂದು ಭಾವಿಸುತ್ತಾರೆ. ಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ಉತ್ತರ ಧ್ರುವದ ಬಳಿ ಹಾಯುತ್ತದೆ. ವಿಮಾನವೂ ಹಾಗೆಯೇ ಬಂದಿತು. ತರಗತಿಯಲ್ಲಿ ನಾವು ಈ ದಾರದ ಪ್ರಯೋಗವನ್ನು ಮಾಡಿಸುತ್ತಿದ್ದೆವು. ಮಕ್ಕಳಿಗೆ ಅದರಲ್ಲಿದ್ದ ಬೆರಗು ಪುಸ್ತಕದ ಪಾಠದಲ್ಲಿ ಇರುತ್ತಿರಲಿಲ್ಲ.

ಮಕ್ಕಳು ಕಡಲಾಚೆ ನೆಲೆಸಿರುವ ಮನೆಗಳು ನಮ್ಮ ಬೆಟ್ಟದ ಸೀಮೆಯಲ್ಲಿಯೂ ಇವೆ. ತಂದೆತಾಯಿಯರಿಗೆ ಕಡೆಗಾಲ ಬಂದ ಸುದ್ದಿ ಮುಟ್ಟಿದಾಗ ಅವರು ಕೇಳುವುದು, ಎಷ್ಟು ಹೊತ್ತಿಗೆ ಊರು ಸೇರಬಹುದು ಎಂದೇ. ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿದವನು ಚಾಮರಾಜನಗರದ ದಾರಿಯಲ್ಲಿ ಬಂದರೆ ಮಧ್ಯಾಹ್ನದ ವೇಳೆಗೆ ತಾಳವಾಡಿಯಲ್ಲಿರುತ್ತಾನೆ. ಕೊಯಮತ್ತೂರಿನಲ್ಲಿ ಸಂಜೆ ಇಳಿದವನ ಪಾಡು ಬೇರೆ. ಆ ವಿಮಾನ ನಿಲ್ದಾಣ ನಮಗೆ ಹತ್ತಿರದ್ದೇ ಸರಿ. ಆದರೆ ನಡುವೆ ದಿಂಬಂ ಘಾಟಿಯ 27 ತಿರುವುಗಳಿವೆ. ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ಒಳಗೆ ಹಾಯುವ ಈ ಹೆದ್ದಾರಿಯಲ್ಲಿ, ಬಣ್ಣಾರಿಯಿಂದ ಕಾರಪಳ್ಳದವರೆಗೆ, 2022ರ ಫೆಬ್ರವರಿಯಿಂದ ಮದರಾಸು ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಜಾರಿಗೆ ಬಂದಿತು. ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದ ಕಾಡುಪ್ರಾಣಿಗಳ ಲೆಕ್ಕವನ್ನು ಕಂಡವರಾರೂ ಆ ಆದೇಶದ ಔಚಿತ್ಯವನ್ನು ಅಲ್ಲಗಳೆಯಲಾರರು, ನಾವೂ ಅಲ್ಲಗಳೆಯುವುದಿಲ್ಲ. ಆದರೆ ಜಿಲ್ಲಾ ಕೇಂದ್ರವಾದ ಈರೋಡಿಗೂ ನಮಗಿರುವ ದಾರಿ ಅದೇ ಘಾಟಿ. ನೂರಕ್ಕೂ ಮಿಕ್ಕಿದ ಆ ಕಿಲೋಮೀಟರುಗಳನ್ನು ಕ್ರಮಿಸಿ, ಕಚೇರಿಯ ಕೆಲಸ ಮುಗಿಸಿಕೊಂಡು ಹೊರಡುವವನು ಇಂದಿಗೂ ಮೊದಲು ನೋಡುವುದು ಹೊತ್ತನ್ನೇ.