ಗಂಜಿನ ಅಡತ್, ಗೂಗಲ್ಲಿನ ಅಡತ್

ಬ್ಲಾಗ್ ಬರೆಯುವವರು ಇಬ್ಬರು ಸೇರಿದರೆ ಯಾವಾಗಲಾದರೂ ಬಂದೇ ಬರುವ ಪ್ರಶ್ನೆ: 'ಇದರಿಂದ ಏನಾದ್ರೂ ದುಡ್ಡು ಬರುತ್ತಾ?' ಕನ್ನಡದ ಮಟ್ಟಿಗೆ ಈ ಪ್ರಶ್ನೆಗೂ ಒಂದು ಇತಿಹಾಸ ಇದೆ. ನನಗೆ ತಿಳಿದಷ್ಟನ್ನು ಇಲ್ಲಿ ಹಾಕ್ತಾ ಇದ್ದೀನಿ. ನಾನು ಬೀದರಿನವನು, ಹೊಟ್ಟೆಪಾಡು ಸಾಫ್ಟ್‌ವೇರು. ಹಾಗಾಗಿ ಉದಾಹರಣೆಗಳೆಲ್ಲ ನಮ್ಮೂರ ಗಾಂಧಿ ಗಂಜಿನಿಂದಲೇ ಬರುತ್ತವೆ, ಅಡ್ಜಸ್ಟ್ ಮಾಡ್ಕೊಳ್ಳಿ.

ಗಂಜ್ ನೋಡದವರಿಗೆ ಎರಡು ಮಾತು. ಅದು ಬೀದರಿನ ಎಪಿಎಂಸಿ ಮಾರ್ಕೆಟ್ಟು. ಸುತ್ತಲಿನ ಹಳ್ಳಿಗಳಿಂದ ತೊಗರಿ, ಉದ್ದು, ಹೆಸರು, ಕಡಲೆ, ಸೋಯಾ ಬರುತ್ತವೆ. ರೈತ ಮಾಲು ತಂದು ಅಡತ್ ಅಂಗಡಿ ಮುಂದೆ ಇಳಿಸುತ್ತಾನೆ. ಅಂಗಡಿಯವರು ಅದನ್ನು ತಮಗಾಗಿ ಕೊಳ್ಳುವುದಿಲ್ಲ. ಕೊಳ್ಳುವವರನ್ನು ಕೂಡಿಸಿ, ದರ ಕೂಗಿಸಿ, ಹಮಾಲರಿಂದ ತೂಕ ಹಾಕಿಸಿ, ಪಟ್ಟಿ ಬರೆದು ತಮ್ಮ ಅಡತ್ ತೆಗೆದುಕೊಳ್ಳುತ್ತಾರೆ. ಔರಾದ್ ಕಡೆಯ ರೈತನಿಗೆ ತನ್ನ ತೊಗರಿ ಯಾವ ಊರಿನ ದಾಲ್ ಮಿಲ್ಲಿಗೆ ಹೋಯಿತು ಅಂತ ಗೊತ್ತಾಗಬೇಕಿಲ್ಲ. ಗೂಗಲ್ಲಿನ ಆಡ್‌ಸೆನ್ಸ್ ಕೂಡ ಇಷ್ಟೇ. ಬರೆಯುವವ ಜಾಗ ಕೊಡುತ್ತಾನೆ, ಜಾಹೀರಾತು ಕೊಡುವವ ದರ ಕೂಗುತ್ತಾನೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ದರ ಕೂಗುವ ಈ ಪದ್ಧತಿಯನ್ನು ಸರ್ಚ್ ಜಾಹೀರಾತಿಗೆ ತಂದದ್ದು ಗೂಗಲ್ ಅಲ್ಲ. ಬಿಲ್ ಗ್ರಾಸ್ ಎಂಬಾತನ ಗೋಟು ಡಾಟ್ ಕಾಮ್ 1998ರಲ್ಲಿ ಒಂದೊಂದು ಪದವನ್ನೂ ಸವಾಲಿಗಿಟ್ಟಿತ್ತು, ದುಡ್ಡು ಕ್ಲಿಕ್ಕಿನ ಲೆಕ್ಕದಲ್ಲಿ. ಗೂಗಲ್ಲಿನ ಆಡ್‌ವರ್ಡ್ಸ್ ಬಂದದ್ದು 2000ದ ಅಕ್ಟೋಬರಿನಲ್ಲಿ, ಕ್ಲಿಕ್ಕಿನ ಸವಾಲಿಗೆ ಇಳಿದದ್ದು 2002ರಲ್ಲಿ. ಆದರೆ ಅದು ಹುಡುಕಾಟದ ಪುಟಕ್ಕೆ ಮಾತ್ರ. ಬೇರೆಯವರ ಪುಟ ಓದಿ, ಅದರಲ್ಲಿ ಏನಿದೆ ಅಂತ ತಿಳಿದು, ಅದಕ್ಕೆ ಹೊಂದುವ ಜಾಹೀರಾತು ಹಾಕುವ ವಿದ್ಯೆ ಅಪ್ಲೈಡ್ ಸೆಮ್ಯಾಂಟಿಕ್ಸ್ ಎಂಬ ಕಂಪನಿಯಲ್ಲಿತ್ತು. ಆಡ್‌ಸೆನ್ಸ್ ಅನ್ನೋ ಹೆಸರೂ ಅವರದ್ದೇ. 2003ರ ಏಪ್ರಿಲ್‌ನಲ್ಲಿ ಗೂಗಲ್ ಅದನ್ನು ಸುಮಾರು 10 ಕೋಟಿ ಡಾಲರಿಗೆ ಕೊಂಡಿತು. ಅದಕ್ಕೆ ಎರಡು ತಿಂಗಳ ಮುಂಚೆ ಬ್ಲಾಗರ್ ಅನ್ನೂ ಕೊಂಡಿತ್ತು. ಜೂನ್‌ನಲ್ಲಿ ಆಡ್‌ಸೆನ್ಸ್ ಎಲ್ಲರಿಗೂ ತೆರೆಯಿತು. ಅಂದ್ಹಾಗೆ, ಕನ್ನಡ ವಿಕಿಪೀಡಿಯ ಶುರುವಾದದ್ದೂ 2003ರ ಜೂನ್‌ನಲ್ಲೇ.

ಕನ್ನಡಕ್ಕೆ ಮೊದಲು ಅಡ್ಡ ಬಂದದ್ದು ಅಕ್ಷರ. ಯು. ಬಿ. ಪವನಜ ಅವರ 'ವಿಶ್ವಕನ್ನಡ' 1996ರಲ್ಲೇ ಜಾಲದಲ್ಲಿತ್ತು, ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಆದರೆ ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದರು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಲಸುಮೇಲೋಗರ. ಯೂನಿಕೋಡ್ ಬಂದ ಮೇಲೆ ಆ ಗೋಳು ತಪ್ಪಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂತು. ಸಿಡಿ ಹಾಕಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಇನ್‌ಸ್ಟಾಲ್ ಮಾಡಿದ ಹಿರಿಯ ಬ್ಲಾಗಿಗರು ನಿಮ್ಮಲ್ಲೂ ಇರಬಹುದು. ನಾನಾಗ ಇನ್ನೂ ಅ ಆ ಇ ಈ ತಿದ್ದುತ್ತಿದ್ದೆ.

ಅಕ್ಷರ ತಿಳಿದರೆ ಪದ ತಿಳಿದಂತೆ ಆಗುವುದಿಲ್ಲವಲ್ಲ, ಅಸಲಿ ಮಜಾ ಇರೋದು ಅಲ್ಲಿ. ಗಂಜಿನ ಒಂದು ವಾಕ್ಯ ತಗೊಳ್ಳಿ: 'ಇವತ್ತು ಗಂಜಿಗೆ ಹೆಸರು ಬಂತು.' ಬೀದರಿನವನಿಗೆ ಇದು ಹೆಸರುಕಾಳಿನ ಆವಕ. ಬೆಂಗಳೂರಿನವನಿಗೆ ಗಂಜ್ ಪ್ರಸಿದ್ಧಿಯಾಯಿತು ಅನ್ನಿಸಬಹುದು. ಯಂತ್ರಕ್ಕೆ ಮೂರನೆಯದೂ ಸಾಧ್ಯ, ಕುಡಿಯುವ ಗಂಜಿ! ಗಂಜ್ ಶಬ್ದಕ್ಕೂ ಗಂಜಿ ಶಬ್ದಕ್ಕೂ ಚತುರ್ಥಿಯಲ್ಲಿ ಒಂದೇ ರೂಪ. 'ಹತ್ತಿ' ಅಂದರೆ ಬೆಳೆಯೋ, ಏಣಿ ಹತ್ತಿದ್ದೋ? ಇಂಗ್ಲಿಷಿನಲ್ಲೂ ಇಂಥ ಪೇಚು ಇದೆ, ಆದರೆ ಅಲ್ಲಿ ಒಂದು ನಾಮಪದಕ್ಕೆ ಎರಡೋ ಮೂರೋ ರೂಪ. ನಮ್ಮಲ್ಲಿ ತೊಗರಿ, ತೊಗರಿಯ, ತೊಗರಿಗೆ, ತೊಗರಿಯಿಂದ, ತೊಗರಿಯಲ್ಲೂ, ತೊಗರಿಗಿಂತ ಅಂತ ಸಾಲುಸಾಲು. ಇವೆಲ್ಲ ಒಂದೇ ಮಾಲು ಅಂತ ಯಂತ್ರಕ್ಕೆ ಕಲಿಸಬೇಕು. ಕಲಿಸಬಹುದು, ಕೆಲಸ ಕಷ್ಟದ್ದಾದರೂ ಅಸಾಧ್ಯವಲ್ಲ. ಆದರೆ ಕನ್ನಡ ಪದಕ್ಕೆ ದರ ಕೂಗುವವರು ಇಲ್ಲದಾಗ ಯಾವ ಕಂಪನಿಗೆ ಅವಸರ? ವ್ಯಾಕರಣಕ್ಕಿಂತ ದೊಡ್ಡ ತೊಡಕು ಇದೇ ಅಂತ ನನ್ನ ಅನಿಸಿಕೆ.

ಆಗ ಆಡ್‌ಸೆನ್ಸಿನ ಭಾಷಾಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಭಾಷೆಯ ಪುಟಕ್ಕೆ ಕೋಡ್ ಹಾಕುವುದೇ ನಿಯಮಕ್ಕೆ ವಿರುದ್ಧ. ಹೊಂದುವ ಜಾಹೀರಾತು ಸಿಗದ ಪುಟಗಳಲ್ಲಿ ಆ ದಿನಗಳಲ್ಲಿ ದಾನಧರ್ಮದ ಸಂಸ್ಥೆಗಳ ಜಾಹೀರಾತು ಬರುತ್ತಿತ್ತು, ಅದಕ್ಕೆ ಕಾಸು ಇಲ್ಲ. ಅಲ್ಲಲ್ಲಿ ಇಂಗ್ಲಿಷ್ ಪದ ತುರುಕಿದರೆ ಯಂತ್ರ ಅದನ್ನಷ್ಟೇ ಹಿಡಿದುಕೊಳ್ಳುತ್ತಿತ್ತು. ಇನ್ನು 'ಜಾಹೀರಾತು ಒತ್ತಿ ಸಹಕರಿಸಿ' ಅಂತ ಗೆಳೆಯರಿಗೆ ಹೇಳಿದರೆ ಖಾತೆಯೇ ಮುಚ್ಚುತ್ತಿತ್ತು, ಈಗಲೂ ಮುಚ್ಚುತ್ತದೆ. ತಮಾಷೆ ಏನಂದ್ರೆ, 2007ರಲ್ಲಿ ಬ್ಲಾಗರ್ ಒಳಗೇ ಕನ್ನಡ ಟೈಪ್ ಮಾಡುವ ಸೌಲಭ್ಯವನ್ನು ಇದೇ ಗೂಗಲ್ ಕೊಟ್ಟಿತು. ಬರೆಯಿರಿ ಅಂದಿತು, ಬರೆದದ್ದಕ್ಕೆ ದರ ಇಲ್ಲ ಅಂದಿತು.

ಇಂಗ್ಲಿಷಿನಲ್ಲಿ ಬರೆದವರ ಕಥೆ ಬೇರೆ. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಪಿನ್ ಬರುತ್ತದೆ, 100 ಡಾಲರ್ ತುಂಬಿದ ಮೇಲೆ ಹಣ. ಮೊದಮೊದಲು ಅದೂ ಅಂಚೆಯಲ್ಲಿ ಬರುವ ಚೆಕ್ಕು, ನೇರ ಬ್ಯಾಂಕಿಗೆ ಬರತೊಡಗಿದ್ದು ಆಮೇಲೆ.

ಗೂಗಲ್ ತನ್ನ ಅಡತ್ ಎಷ್ಟು ಅಂತ ಏಳು ವರ್ಷ ಬಾಯಿ ಬಿಡಲಿಲ್ಲ. 2010ರ ಮೇ ತಿಂಗಳಲ್ಲಿ ಹೇಳಿತು: ಜಾಹೀರಾತುದಾರ ಕೊಟ್ಟ ನೂರರಲ್ಲಿ ಬರೆಯುವವನಿಗೆ 68, ಗೂಗಲ್ಲಿಗೆ 32. ನಮ್ಮ ಸೋದರಮಾವ ಗಂಜಿನ ಅಡತ್ ಅಂಗಡಿಯೊಂದರಲ್ಲಿ ಮುನೀಮ. ಅವರಿಗೆ ಇದನ್ನು ಹೇಳಿದಾಗ ಚಹಾ ಕೆಳಗಿಟ್ಟು, 'ನೂರಕ್ಕ ಮೂವತ್ತೆರಡಾ? ಇಲ್ಲಿ ಅಷ್ಟು ಹಿಡದ್ರ ಜನ ಅಂಗಡಿಗಿ ಕೀಲಿ ಹಾಕಸ್ತಾರಪಾ' ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: 'ಸವಾಲಿನ್ಯಾಗ ಗೆದ್ದಂವ ತಾ ಕೂಗಿದ ದರನೇ ಕೊಡ್ತಾನೇನು?' ಒಳ್ಳೆಯ ಪ್ರಶ್ನೆ! 2021ರವರೆಗೆ ಇಲ್ಲ. ಗೆದ್ದವನು ಎರಡನೆಯವನ ದರಕ್ಕಿಂತ ಚೂರು ಹೆಚ್ಚು ಕೊಟ್ಟರೆ ಸಾಕಿತ್ತು. 2021ರಲ್ಲಿ ಆಡ್‌ಸೆನ್ಸ್ ಇದನ್ನು ಬಿಟ್ಟು, ಕೂಗಿದ್ದನ್ನೇ ಕೊಡುವ ಪದ್ಧತಿಗೆ ಬಂತು. 2023ರ ನವೆಂಬರ್‌ನಲ್ಲಿ ಲೆಕ್ಕವನ್ನೂ ಬಿಡಿಸಿಟ್ಟಿತು: ಜಾಹೀರಾತುದಾರನ ಕಡೆ ಸರಾಸರಿ 15, ಉಳಿದ 85ರಲ್ಲಿ ಶೇ. 80 ಬರೆಯುವವನಿಗೆ. ಗುಣಿಸಿ ನೋಡಿ, ಮತ್ತೆ 68. ಜೊತೆಗೆ ಕ್ಲಿಕ್ಕಿನ ಬದಲು ಜಾಹೀರಾತು ಕಂಡಷ್ಟು ಸಲಕ್ಕೆ ಹಣ ಅಂತ 2024ರಲ್ಲಿ ಬದಲಾಯಿತು.

ನಮ್ಮ ಭಾಷೆಗಳಿಗೆ ಬಾಗಿಲು ತೆರೆದದ್ದು ತಡವಾಗಿ. ಹಿಂದಿಗೆ 2014ರ ಡಿಸೆಂಬರ್, ಬಂಗಾಳಿಗೆ 2017, ತಮಿಳು ತೆಲುಗಿಗೆ 2018. ಕನ್ನಡ ಆ ನಂತರವೇ ಪಟ್ಟಿ ಸೇರಿತು. 2003ರಿಂದ ಎಣಿಸಿದರೆ ಹದಿನೈದು ವರ್ಷದ ಮೇಲಾಯಿತು. ಅಷ್ಟರಲ್ಲಿ ಆ ಮೊದಲ ತಲೆಮಾರಿನ ಬ್ಲಾಗುಗಳಲ್ಲಿ ಎಷ್ಟೋ ನಿಂತುಹೋಗಿದ್ದವು. ಕಥೆ, ಪ್ರವಾಸ, ಹರಟೆ, ಅನುವಾದ ಬರೆದವರು ನೌಕರಿ, ಸಂಸಾರ, ಫೇಸ್‌ಬುಕ್ ಅಂತ ಚದುರಿದರು. 'ದುಡ್ಡಿಲ್ಲದ್ದರಿಂದಲೇ ಆಗ ಬರವಣಿಗೆ ಚೊಕ್ಕವಾಗಿತ್ತು' ಅನ್ನುವ ಮಾತಿದೆ. ನಾನು ಅರ್ಧ ಒಪ್ಪುತ್ತೇನೆ. ದುಡ್ಡು ಬಂದಿದ್ದರೆ ಎಲ್ಲರೂ ಉಳಿಯುತ್ತಿದ್ದರು ಅಂತಲ್ಲ. ಆದರೆ ಡೊಮೇನಿನ ವರ್ಷದ ಖರ್ಚಾದರೂ ಹುಟ್ಟಿದ್ದರೆ, ಅವಧಿ ಮುಗಿದು ಮಾಯವಾದ ಪುಟಗಳಲ್ಲಿ ಕೆಲವಾದರೂ ಇವತ್ತು ಓದಲು ಸಿಗುತ್ತಿದ್ದವು.

ಬಾಗಿಲು ತೆರೆದ ಮೇಲೆ ಒಳಗೆ ನುಗ್ಗಿದ್ದು ಕಥೆ ಹರಟೆ ಅಲ್ಲ. ನೇಮಕಾತಿ ಸುದ್ದಿ, ಸರ್ಕಾರಿ ಯೋಜನೆ, ರೇಷನ್ ಕಾರ್ಡ್, ಫಲಿತಾಂಶ. ಒಂದೇ ಸಾಲಿನ ಮಾಹಿತಿ, ಅದನ್ನು ಹುಡುಕಲು ಆರು ಜಾಹೀರಾತು ದಾಟಬೇಕು. ಬೈಯುವುದು ಸುಲಭ. ಆದರೆ ಸಣ್ಣ ಊರಿನ ಡಿಗ್ರಿ ಹುಡುಗರಿಗೆ ಕನ್ನಡ ಟೈಪಿಂಗ್ ನಂಬಿಕೊಂಡು ನಾಲ್ಕು ಕಾಸು ನೋಡುವ ದಾರಿ ಇದೊಂದೇ ಆಗಿರಬಹುದು. ನೌಕರಿಯ ಪುಟಕ್ಕೆ ಕೋಚಿಂಗ್ ಕ್ಲಾಸಿನವರು ದರ ಕೂಗುತ್ತಾರೆ, ಲಲಿತ ಪ್ರಬಂಧಕ್ಕೆ ಯಾರು ಕೂಗಬೇಕು?

ಈಗೀಗ ಮಂಡಿ ದರದ ಪುಟಗಳೂ ಬಂದಿವೆ. ಎಪಿಎಂಸಿಗಳ ದಿನದ ದರ ಸರ್ಕಾರದ ಕೃಷಿ ಮಾರಾಟ ವಾಹಿನಿಯಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಎತ್ತಿ, 'ಇಂದಿನ ತೊಗರಿ ದರ' ಅಂತ ತಲೆಬರಹ ಕೊಟ್ಟು, ಮೇಲೊಂದು ಟ್ರಾಕ್ಟರ್, ಕೆಳಗೊಂದು ಬೀಜದ ಕಂಪನಿಯ ಜಾಹೀರಾತು. ಗಂಜಿನಲ್ಲಿ ಮಧ್ಯಾಹ್ನ ಕೂಗಿದ ದರ ಸಂಜೆಯೊಳಗೆ ಇನ್ನೊಂದು ಸವಾಲಿಗೆ ಹೋಗಿರುತ್ತದೆ. ಅಂಥ ಪುಟಗಳಲ್ಲಿ ಹೆಸರಿನ ದರ ಹುಡುಕಿದಾಗ ಯಂತ್ರ ನಿಮಗೆ ಏನು ಜಾಹೀರಾತು ತೋರಿಸಿತು ಅಂತ ಕಮೆಂಟಿನಲ್ಲಿ ಬರೀರಿ. ನನಗೆ ಕಳೆದ ವಾರ ಮಗುವಿಗೆ ಹೆಸರಿಡುವ ಆ್ಯಪ್ ತೋರಿಸಿತು.